ಗೋಡೆಯ ಮೇಲೆ ಆನೆ

ಮಗ್ಗೆಯ ನಮ್ಮ ಶಾಲೆಯಲ್ಲಿ ಪರದೆ ಇಲ್ಲ.
ಕಿಟಕಿಗೆ ಜಮಖಾನ ಕಟ್ಟಿ, ಭಾರತದ ನಕ್ಷೆ ಇಳಿಸಿ,
ಅದು ಬಿಟ್ಟುಹೋದ ಬಿಳಿ ಚೌಕದಲ್ಲಿ
ಶುಕ್ರವಾರ ಮಧ್ಯಾಹ್ನ ಒಂದು ಕಾರ್ಟೂನು ಬಿಟ್ಟೆ.
ಮನೆಯಲ್ಲಿ ಮೊದಲೇ ನೋಡಿದ್ದೆ,
ತಾಯಾನೆ ಎಲ್ಲಿ ಬೀಳುತ್ತದೆಂದು ಗೊತ್ತು:
ನಲವತ್ತೊಂದನೇ ನಿಮಿಷ.
ಆ ಹೊತ್ತಿಗೆ ಸರಿಯಾಗಿ ಪಕ್ಕಕ್ಕೆ ಸರಿದು
ಮಕ್ಕಳ ಕಡೆ ತಿರುಗಿ ನಿಂತೆ.

ಮುಖಗಳ ಮೇಲೆ ಮೊದಲು ಬಣ್ಣ ಬಂತು,
ನೀಲಿ, ಆಮೇಲೆ ಇನ್ನೂ ನೀಲಿ.
ಮರಿ ಈಗ ತಾಯಿಯ ಕಿವಿ ಎಳೆಯುತ್ತಿರಬೇಕು,
ಪಿಟೀಲು ಶುರುವಾಗಿದೆ.

ಸಾಹಿರಾ ಅತ್ತಳು, ನೀರು ಕುಡಿದಷ್ಟು ಸಲೀಸಾಗಿ,
ಮೂಗು ಒರೆಸಿಕೊಂಡು ಮತ್ತೆ ನೋಡಿದಳು.
ಚಿನ್ಮಯಿ ಜಡೆಯ ತುದಿ ಕಚ್ಚಿಕೊಂಡು
"ಬರೆದಿರೋದು ಕಣೇ, ಬರೀ ಬರೆದಿರೋದು" ಅಂತ
ಪಕ್ಕದವಳಿಗೆ ಹೇಳುತ್ತಲೇ ಇದ್ದಳು.
ಒಬ್ಬ ಶೂ ಲೇಸು ಬಿಚ್ಚಿದ, ಕಟ್ಟಿದ. ಬಿಚ್ಚಿದ.
ಬಾಗಿಲಲ್ಲಿ ನಿಂತಿದ್ದ ಅಡುಗೆಯ ಸಾಕಮ್ಮ
ಹಾಲು ಉಕ್ಕುತ್ತೆ ಅಂತ ಓಡಿದಳು.
ಒಲೆ ಆರಿಸಿ ಎರಡು ಗಂಟೆಯಾಗಿತ್ತು.

ನಕ್ಕವನು ಮೋಕ್ಷಿತ್. ಜೋರಾಗಿ.
"ಒಂದು ಕಮ್ಮಿ ಆಯ್ತು ಬಿಡಿ ಮೇಡಂ."
ಯಾರೂ ಅವನಿಗೆ ಸುಮ್ಮನಿರು ಅನ್ನಲಿಲ್ಲ.
ಹೋದ ಕಾರ್ತೀಕದಲ್ಲಿ ಅವನ ತಾತ
ಮೆಣಸಿನ ಬಳ್ಳಿ ನೋಡಿ ಬರ್ತೀನಿ ಅಂತ ಹೋಗಿದ್ದರು;
ನೆಟ್ಟಗೆ ಸಿಕ್ಕಿದ್ದು ಚಪ್ಪಲಿ ಮಾತ್ರ.

ಮಗಳನ್ನು ಕರೆದೊಯ್ಯಲು ಬಂದ ಆನೆ ಕಾವಲಿನ ಧರ್ಮಪ್ಪ
ಕಂಕುಳಲ್ಲಿ ಟಾರ್ಚು ಇರುಕಿಕೊಂಡೇ ನೋಡಿದ.
"ಕಣ್ಣು ಅಷ್ಟು ದೊಡ್ಡಕ್ಕಿರಲ್ಲ ಮೇಡಂ, ಇಷ್ಟೇ."
ನೀರು ಬರುತ್ತಾ ಅದರಲ್ಲಿ?
"ಬರ್ತದೆ. ಅಳೋದೋ ಏನೋ,
ಹತ್ರ ಹೋಗಿ ಕೇಳಿಲ್ಲ."

ನಾನು? ಮನೆಯಲ್ಲಿ ಆ ಜಾಗ ಬಂದಾಗ
ಎದ್ದು ಹೋಗಿ ಫ್ರಿಜ್ಜು ತೆರೆದು ನಿಂತಿದ್ದೆ,
ಏನು ಬೇಕಿತ್ತೆಂದು ನೆನಪಾಗದೆ.

ಒಂದನೇ ಕ್ಲಾಸಿನ ಪುಟ್ಟಿ ಎದ್ದು ಬಂದು ಸೆರಗೆಳೆದಳು:
"ಹಿಂದಕ್ಕೆ ಓಡ್ಸಿ ಮಿಸ್,
ಅಮ್ಮ ನಿಂತಿರೋ ಕಡೆಗೆ. ಅಲ್ಲೇ ನಿಲ್ಸಿ."
ಓಡಿಸಿದೆ. ಬಿದ್ದ ಆನೆ ಎದ್ದಿತು,
ಮರಿ ಹಿಮ್ಮುಖ ನಡೆದು ಹೊಟ್ಟೆಯಡಿ ಸೇರಿತು.
ನಿಲ್ಲಿಸಿದೆ.
ಕೊನೆಯ ಗಂಟೆ ಹೊಡೆಯುವವರೆಗೂ ಗೋಡೆಯ ಮೇಲೆ
ಎರಡೂ ಹಾಗೇ,
ನಕ್ಷೆಯ ಮೊಳೆ ತಾಯಿಯ ಹಣೆಗೆ ಬೊಟ್ಟಿನಂತೆ.
ಮುಂದಿನ ಕಥೆ ಯಾರೂ ಕೇಳಲಿಲ್ಲ.

ಎಲ್ಲ ಹೋದ ಮೇಲೆ ನನ್ನ ಫೋನು ಸದ್ದು ಮಾಡಿತು,
ಅರಣ್ಯ ಇಲಾಖೆಯ ದಿನದ ಮೆಸೇಜು.
ಮೋಕ್ಷಿತ್ ಇನ್ನೂ ಅಲ್ಲೇ ಇದ್ದ,
ನನ್ನ ತೋಳಿನ ಪಕ್ಕದಿಂದ ಇಣುಕಿ ಓದಿದ:
ಕೆರೆ ಏರಿ ಹತ್ತಿರ ಹೆಣ್ಣಾನೆ ಒಂದು, ಮರಿ ಒಂದು. ಎಚ್ಚರಿಕೆ.
"ಎರಡೂ ಇದಾವಾ?"
ಇದಾವೆ.

ಜಮಖಾನದ ಒಂದು ತುದಿ ಅವನು ಹಿಡಿದ, ಒಂದು ನಾನು.
ಕೊಡವಿ ಮಡಿಸಿದೆವು.
ಆಮೇಲೆ ಅವನು ಏರಿಯ ದಾರಿ ಬಿಟ್ಟು
ಸುತ್ತಿಕೊಂಡು ಮನೆಗೆ ಹೋದ.