ಗಾಳಿ, ಲೀಟರು, ಮಂಗಳವಾರ

ಕಾರಿನ ಜೊತೆ ಬಂದದ್ದು:
ಒಂದು ಸ್ಟೆಪ್ನಿ, ಕಡ್ಡಿ ಮುರಿದ ತಂಪುಕನ್ನಡಕ,
ಗ್ಲವ್‌ಬಾಕ್ಸಿನಲ್ಲಿ ರಬ್ಬರ್‌ಬ್ಯಾಂಡು ಸುತ್ತಿದ ನೋಟ್‌ಬುಕ್ಕು.
ಮಾರಿದವಳು ಪರ್ತ್ ಅಂಚಿನ ಮಿಡ್‌ಲ್ಯಾಂಡಿನ ಡೋರೀನ್ ಹ್ಯಾಕೆಟ್.
ಗಂಡ ಲೆಸ್ ವರಾಂಡದ ಕುರ್ಚಿಯಲ್ಲಿ.
ಅವನ ನೋಟದ ನಟ್ಟನಡುವೆ ಈಗ ಮಬ್ಬು,
ಲೈಸೆನ್ಸು ಹೋಗಿ ಎರಡು ಚಳಿಗಾಲ.
ಹೇಳಿದ್ದು ಇಷ್ಟೇ: ‘ಮೂವತ್ತನಾಲ್ಕು.
ನಾಲ್ಕೂ ಚಕ್ರಕ್ಕೆ. ಬೆಳಿಗ್ಗೆ, ತಣ್ಣಗಿರುವಾಗ.’

ಹತ್ತೊಂಬತ್ತು ವರ್ಷ. ಪೆಟ್ರೋಲು ಹಾಕಿಸಿದ ಪ್ರತಿ ದಿನ,
ಓಡಿದ ಕಿಲೋಮೀಟರು, ಲೀಟರು, ದರ,
ಪೆನ್ಸಿಲಿನಲ್ಲಿ, ಇರುವೆ ಸಾಲಿನಂಥ ಅಕ್ಷರ.
ಮೊದಮೊದಲು ಎಲ್ಲ ಬುಧವಾರ.
ಆಮೇಲೆ ಪಂಪಿನವರು ಅಗ್ಗದ ದಿನ ಬದಲಿಸಿದ್ದಾರೆ,
ಇವನೂ ಬದಲಾಗಿದ್ದಾನೆ: ಮಂಗಳವಾರ, ಮಂಗಳವಾರ, ಮಂಗಳವಾರ.
ನಮ್ಮಜ್ಜಿ ಮಂಗಳವಾರ ಉಗುರು ತೆಗೆಯಲು ಬಿಡುತ್ತಿರಲಿಲ್ಲ,
ಕೈಯಿಂದ ಹಣ ಬಿಡುವುದಂತೂ ದೂರದ ಮಾತು.
ನಾನೀಗ ಮಂಗಳವಾರ ಸಂಜೆ ಆರಕ್ಕೆ
ಪಂಪಿನ ಸಾಲಿನಲ್ಲಿ ಹದಿನೇಳನೆಯವಳು,
ಬೆಳಗಾದರೆ ಲೀಟರಿಗೆ ಮೂವತ್ತು ಸೆಂಟು ಏರೀತೆಂಬ
ಭಯಭಕ್ತಿಯಲ್ಲಿ.

ಅಂಚಿನಲ್ಲಿ ಉಪದೇಶ, ತನಗೆ ತಾನೇ:
‘ಮೇಲಿನ ಕ್ಯಾರಿಯರ್ ಬಿಚ್ಚಿದೆ. ಇಷ್ಟು ದಿನ ಗಾಳಿ ಹೊತ್ತೆ.’
‘ಕೆಂಪು ದೀಪಕ್ಕೆ ಓಡಿ ಹೋಗಿ ನಿಂತವನಿಗೆ ಬಹುಮಾನವಿಲ್ಲ.’
‘ಡಿಕ್ಕಿಯಲ್ಲಿ ಡೋ.ಳ ಗೊಬ್ಬರದ ಚೀಲ. ಮೂರು ವಾರ!’
‘ಗ್ರೀನ್‌ಮೌಂಟ್ ಇಳಿಜಾರು: ಗೇರಿನಲ್ಲೇ, ಕಾಲು ತೆಗೆದು.’
‘ಆರು ಸೆಂಟು ಉಳಿಸಲು ಹನ್ನೊಂದು ಕಿಲೋಮೀಟರು ಹೋದೆ. ಕತ್ತೆ.’

ನನ್ನ ಕೆಲಸ ಮುದುಕರ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುವುದು,
ಮಂಡೇರಿಂಗ್, ಚಿಡ್ಲೋ, ಸ್ವಾನ್ ವ್ಯೂ, ಮತ್ತೆ ಚಿಡ್ಲೋ.
ಮೊದಲ ಮನೆಗೆ ಹೋಗುವ ದಾರಿಗೆ ಕಂಪನಿ ಕಾಸು ಕೊಡದು,
ಕೊನೆಯ ಮನೆಯಿಂದ ಬರುವುದಕ್ಕೂ.
ಐದು ದಿನಕ್ಕೆ ಟ್ಯಾಂಕು ಬತ್ತುತ್ತಿತ್ತು.
ಮಿಸೆಸ್ ಪ್ಯಾಸ್ಕೋ ಸರದಿಯನ್ನು ಗುರುವಾರಕ್ಕೆ ತಂದೆ,
ಅದೇ ಬೀದಿಯ ಜೊಸಿಪ್ ಮರೂಸಿಚ್ ಪಕ್ಕಕ್ಕೆ.
ಈಗ ಏಳು ದಿನ.
ಹನಿಗೂಡಿದರೆ ಹಳ್ಳ ಎನ್ನುತ್ತಾರೆ;
ಹಳ್ಳ ತುಂಬಿದ್ದನ್ನು ನಾನು ಕಂಡಿಲ್ಲ,
ಬತ್ತುವುದು ಎರಡು ದಿನ ತಡವಾದದ್ದನ್ನು ಕಂಡಿದ್ದೇನೆ.

ಬೇಸಿಗೆಯಲ್ಲಿ ಗುಡ್ಡದಿಂದ ಮೂಡಣದ ಗಾಳಿ ಇಳಿಯುತ್ತದೆ
ಯಾರೋ ಒಲೆಯ ಬಾಯಿ ತೆರೆದ ಹಾಗೆ.
‘ಎದುರು ಬಂದರೆ ಒಂದು ಲೀಟರು ಜಾಸ್ತಿ,’ ಲೆಸ್ ಟಿಪ್ಪಣಿ.
ಅವನ ಭಾಷೆಯಲ್ಲಿ ಚಕ್ರದೊಳಗಿನದಕ್ಕೆ ಒಂದು ಹೆಸರು,
ಗುಡ್ಡದಿಂದ ಬೀಸುವುದಕ್ಕೆ ಇನ್ನೊಂದು.
ನನಗೆ ಎರಡೂ ಗಾಳಿಯೇ:
ಒಂದನ್ನು ತುಂಬಿಕೊಳ್ಳಬೇಕು, ಒಂದನ್ನು ಸೀಳಬೇಕು.

ಒಂದು ಪುಟದಲ್ಲಿ ಮಾತ್ರ ಅವನು ಅವನಲ್ಲ.
ಜೂನ್ ತಿಂಗಳು. ವಾರಕ್ಕೆ ಮೂರು ಸಲ ಟ್ಯಾಂಕು.
ಗುರುವಾರ, ಶನಿವಾರ, ಸೋಮವಾರ, ಮತ್ತೆ ಗುರುವಾರ,
ಆಲ್ಬನಿ ಹೆದ್ದಾರಿಯ ದುಬಾರಿ ಪಂಪುಗಳು,
ವಿಲಿಯಮ್ಸ್, ಕೊಜೊನಪ್, ಆಲ್ಬನಿ ಆಸ್ಪತ್ರೆಯ ಎದುರಿನದು.
ಲೀಟರು ಇದೆ, ಕಿಲೋಮೀಟರು ಇದೆ,
ದರದ ಜಾಗ ಖಾಲಿ. ಹನ್ನೊಂದು ಸಾಲು ಖಾಲಿ.
ಕೆಳಗೆ: ‘ಡೋ. ಮನೆಗೆ.’
ಮುಂದಿನ ಸಾಲು ಬುಧವಾರ,
ಸೆಂಟಿನ ಹತ್ತನೇ ಒಂದಂಶದವರೆಗೆ ಕರಾರುವಾಕ್ಕು.

ಪ್ರತಿ ಮಂಗಳವಾರ ನನ್ನ ಲೆಕ್ಕವನ್ನು ಲೆಸ್‌ಗೆ ಕಳಿಸುತ್ತೇನೆ,
ನೂರು ಕಿಲೋಮೀಟರಿಗೆ ಎಷ್ಟು. ಡೋರೀನ್ ಓದಿ ಹೇಳುತ್ತಾಳೆ.
ಏಳೂವರೆ ದಾಟಿದರೆ ಫೋನು: ‘ಮೂವತ್ತನಾಲ್ಕು ಇದೆಯಾ?’

ಹೋದ ವಾರ ಪಾಳಿ ಮುಗಿಯುವುದು ತಡವಾಗಿ ಸಾಲು ತಪ್ಪಿತು.
ಬುಧವಾರ ರಾತ್ರಿ ಕರೆ: ಮಿಸೆಸ್ ಪ್ಯಾಸ್ಕೋ ಬಿದ್ದಿದ್ದಾರೆ.
ಟ್ಯಾಂಕಿನ ದೀಪ ಕೆಂಪಗೆ. ಮೊದಲು ಸಿಕ್ಕ ಪಂಪು.
ದರ ನೋಡಲಿಲ್ಲ, ರಸೀದಿ ಕೇಳಲಿಲ್ಲ,
ಏರು, ಎದುರುಗಾಳಿ, ನೆಲಕ್ಕೆ ಮುಟ್ಟಿದ ಕಾಲು.
ಅವರು ಅಡುಗೆಮನೆಯ ನೆಲದ ಮೇಲೆ ಕೂತು
ಬಿಸ್ಕತ್ತು ತಿನ್ನುತ್ತಿದ್ದರು.

ಬೆಳಿಗ್ಗೆ ಪೆನ್ಸಿಲು ಹಿಡಿದು ಲೀಟರು ಬರೆದೆ. ಮೂವತ್ತೆಂಟು.
ಪಕ್ಕದ ಜಾಗದಲ್ಲಿ ಪೆನ್ಸಿಲು ಸ್ವಲ್ಪ ಹೊತ್ತು ನಿಂತಿತು
ಇಂಜಿನ್ನು ಆರಿಸದ ಕಾರಿನ ಹಾಗೆ.
ಆಮೇಲೆ ಪುಸ್ತಕ ಮುಚ್ಚಿ, ರಬ್ಬರ್‌ಬ್ಯಾಂಡು ಸುತ್ತಿ,
ಗಾಳಿ ನೋಡಲು ಇಳಿದೆ.