ಲಾಗ್‌ಬುಕ್ಕು

ಚಿಲ್ವಾ ಸರೋವರದ ದಂಡೆಯ ಆ ಊರಿಗೆ
ಬಿಳಿ ಜೀಪು ಓಡಿಸಿಕೊಂಡು ನಾನು ಹೋಗಿದ್ದು ಹನ್ನೊಂದು ಸಲ.
ಹಿಂದಿನ ಸೀಟಿನಲ್ಲಿ ಬೇರೆ ಬೇರೆ ಮುಖ,
ಅದೇ ಪ್ರಶ್ನೆ: ‘ಇನ್ನೆಷ್ಟು ದೂರ?’

ಊರಲ್ಲೊಂದು ಕೈಪಂಪು.
ಕೊರಳಲ್ಲಿ ಕೊಟ್ಟ ದೇಶದ ಬಾವುಟ, ತಗಡಿನದು;
ಒಳಗೆ ರಬ್ಬರಿನ ಉಂಗುರ ಹರಿದು ಎರಡು ಮಳೆಗಾಲ.
ಹಿಡಿ ಎತ್ತಿದರೆ ಮುದುಕನ ಕೆಮ್ಮು.

ಮಾವಿನ ಮರದಡಿ ಶಿಬಿರ:
ಉತ್ತಮ ಆಡಳಿತ, ಎರಡು ದಿನ, ಊಟ ಸಹಿತ.
ಪಾರದರ್ಶಕತೆ ಎಂದು ಹಸಿರು ಪೆನ್ನಿನಲ್ಲಿ ಬರೆದರು.
ಚಿಚೇವಾದಲ್ಲಿ ಆ ಪದಕ್ಕೆ ತಡಕಾಡಿದ ದುಭಾಷಿ
ಕೊನೆಗೆ ‘ಕೆಸರಿಲ್ಲದ ನೀರು’ ಅಂದ.
ಹೆಂಗಸರು ನಕ್ಕರು.

ಫೈನೆಸ್ ನಗಲಿಲ್ಲ.
ಮೀನು ಒಣಗಿಸುವವಳು, ಪಂಪು ಸಮಿತಿಯ ಖಜಾಂಚಿ,
ಬಂದ ಒಂದೊಂದು ಬಿಲ್ಲೆಗೂ ಗೋಡೆಗೆ ಗೀರು ಹಾಕಿಟ್ಟವಳು.
ಹರಿದ ಉಂಗುರ ಬೆರಳಿಗೆ ತೊಟ್ಟು ಎದ್ದಳು:
‘ಜಿಲ್ಲಾ ಕಚೇರಿಯ ಪಟ್ಟಿ ನೋಡಿದೆ.
ನಮ್ಮೂರಿಗೆ ಮೂರು ಬಾವಿ ಅಂತಿದೆ.
ಇದು ಒಂದು.
ಉಳಿದೆರಡು ತೋರಿಸಿ, ಕೊಡ ತಂದಿದ್ದೇನೆ.’

ಪಾಠ ಹೇಳುವವರು ಗಡಿಯಾರ ನೋಡಿದರು,
ಚಹಾದ ಹೊತ್ತಾಗಿರಲಿಲ್ಲ.
ಊರ ಹಿರಿಯ ಟೋಪಿ ತೆಗೆದು
ಒಳಗೆ ಏನೋ ಹುಡುಕಿದ.

ಪುಸ್ತಕದ ಬಾವಿಗೆ ಯಾವ ಹಗ್ಗವೂ ಸಾಲದು ಅಂತ
ಒಳಗೊಳಗೇ ನಗುತ್ತಿದ್ದೆ ನಾನು.
ಅವಳು ನನ್ನ ಕಡೆ ತಿರುಗಿದಳು:
‘ಡ್ರೈವರಣ್ಣ, ದಾರಿ ಬಲ್ಲವನು ನೀನು. ನೀನೇ ಹೇಳು.’

ಜೀಪಿನಲ್ಲಿ ಲಾಗ್‌ಬುಕ್ಕಿತ್ತು.
ಮಾರ್ಚ್ ಒಂಬತ್ತು: ಎರಡನೇ ಬಾವಿ, ಪರಿಶೀಲನೆ, ಎಂಬತ್ತನಾಲ್ಕು ಕಿಲೋಮೀಟರು.
ಜುಲೈ ಇಪ್ಪತ್ತು: ಮೂರನೇ ಬಾವಿ, ಉದ್ಘಾಟನೆ.
ಎರಡೂ ದಿನ ಜೀಪು ಗ್ಯಾರೇಜಿನ ಬೇವಿನ ನೆರಳಲ್ಲಿ ನಿಂತಿತ್ತು.
ಎರಡರ ಕೆಳಗೂ ನನ್ನ ಸಹಿ,
ಗ್ರಾಂಟ್ ಮಸೌಕೊ, ದುಂಡಗೆ, ಬಾಲ ಎಳೆದು.
ಒಂದರ ಡೀಸೆಲ್ ದುಡ್ಡಲ್ಲಿ ಮಗಳ ಶಾಲೆಯ ಬೂಟು.
ಇನ್ನೊಂದರಲ್ಲಿ ಏನು ಬಂತು,
ನೆನಪಿಲ್ಲ.

ದೂರದ ದೇಶದಲ್ಲಿ, ಕೊಟ್ಟವರು ಯಾರೋ
ಆ ಎರಡು ಬಾವಿ ನೆನೆದು ನೆಮ್ಮದಿಯಾಗಿ ಮಲಗಿರಬಹುದು.
ನಾನೂ ಮಲಗಿದ್ದೆ.

ಅವಳು ಕೊಡವನ್ನು ನೆಲಕ್ಕಿಟ್ಟಳು.
ಖಾಲಿ ಕೊಡಕ್ಕೆ ಎಷ್ಟು ಸದ್ದು.

ಜೀಪಿನ ಕಡೆ ನಡೆದೆ.
ಓಡಿಹೋಗುತ್ತಾನೆ ಅಂದುಕೊಂಡರೋ ಏನೋ,
ಹುಡುಗರು ಸರಿದು ದಾರಿ ಬಿಟ್ಟರು.
ಪುಸ್ತಕ ತಂದು ಅವಳ ಕೈಗಿಟ್ಟೆ.

ಅವಳಿಗೆ ಇಂಗ್ಲಿಷು ಬಾರದು,
ಅಂಕಿ ಬರುತ್ತದೆ.
ಮೀನಿನ ವಾಸನೆಯ ಬೆರಳಿಟ್ಟು
ಮೊದಲ ಪುಟದಿಂದ ಓದತೊಡಗಿದಳು.