ತಿರುಗದ ಫ್ಯಾನು

ಗುರುವಾರದ ಸಂತೆ, ಎಲ್ ಆಲ್ಟೊ.
ಕಡಲಿಗಿಂತ ನಾಲ್ಕು ಸಾವಿರ ಮೀಟರು ಮೇಲೆ
ಹಳೆ ಟೈರು, ಹಳೆ ಬಾಗಿಲು, ಯಾರದ್ದೋ ಹಲ್ಲಿನ ಸೆಟ್ಟೂ
ಮಾರಾಟಕ್ಕಿರುವ ಕಡೆ
ನಾನು ಕೊಂಡದ್ದು ಹೊಚ್ಚ ಹೊಸದು:
ಗಾಳಿಕೊಳವೆಯೊಳಗೆ ಕೂರಿಸುವ ತಗಡಿನ ಫ್ಯಾನು,
ಪೆಟ್ರೋಲು ಪೈಪನ್ನು ಕಚ್ಚಿ ಹಿಡಿವ ಜೋಡಿ ಅಯಸ್ಕಾಂತ,
ಪ್ಲಗ್ಗಿನ ವೈರಿಗೆ ಸುತ್ತುವ ನೀಲಿ ಸುರುಳಿ.
ತೊಂಬತ್ತು ಬೊಲಿವಿಯಾನೊ.
ಚೌಕಾಸಿ ಮಾಡಿ ಎಂಬತ್ತೈದು.

‘ಶೇಕಡ ಮೂವತ್ತು ಜಾಸ್ತಿ’ ಅಂದ ಮಾರುವವ.
ಯಾವುದರ ಮೂವತ್ತು ಅಂತ ನಾನು ಕೇಳಲಿಲ್ಲ,
ಅವನೂ ಹೇಳಲಿಲ್ಲ.
ವ್ಯಾಪಾರ ಕುದುರುವುದೇ ಹಾಗೆ.

ಆ ವಾರ ನನ್ನ ಚೀನಾದ ನೂರೈವತ್ತು ಸಿಸಿ
ಹಾರಿತು ಅಂತಲೇ ಹೇಳಬೇಕು.
ಲಾ ಪಾಸಿನ ಕುಳಿಯಿಂದ ಮೇಲಕ್ಕೆ
ಊಟದ ಡಬ್ಬಿ, ಔಷಧಿ, ಒಮ್ಮೆ ಜೀವಂತ ಟರ್ಕಿ ಕೋಳಿ ಹೊತ್ತು
ಹತ್ತುವಾಗ ಕೊಳವೆಯೊಳಗಿಂದ ಸಣ್ಣಗೆ ಒಂದು ಸಿಳ್ಳೆ.
ಸಿಳ್ಳೆ ಹಾಕುವ ಗಾಡಿ ನಿಧಾನ ಹೇಗಾದೀತು?
ಫ್ರೆಡ್ಡಿ ಚುಕಿಮಿಯಾನಿಗೆ ಹೇಳಿದೆ,
ಅವನೂ ಒಂದು ಜೊತೆ ತಂದ.
ಇಬ್ಬರೂ ಸಿಗ್ನಲ್ಲಿನಲ್ಲಿ ನಿಂತು
ಸುಮ್ಮಸುಮ್ಮನೆ ಆಕ್ಸಿಲರೇಟರ್ ತಿರುವಿದೆವು.

ದೋನ್ಯಾ ಸೆನೋಬಿಯಾ ಕಿಸ್ಬರ್ಟ್
ನೆರಿಗೆ ಲಂಗಕ್ಕೆ ಗ್ರೀಸು ಒರೆಸಿಕೊಂಡು ಕೇಳಿಸಿಕೊಂಡಳು.
ವಾದ ಮಾಡಲಿಲ್ಲ.
‘ನಂಬಿಕೆ ಮಾತು ಪಾದ್ರಿ ಹತ್ರ ಆಡು.
ಇಲ್ಲಿ ಗಡಿಯಾರ ಇದೆ.’

ಒಣಗಿಸಿದ ಆಲೂಗಡ್ಡೆಯ ಒಂದು ಚೀಲ, ಹಿಂದೆ ಅವಳು,
ತಲೆ ಮೇಲೆ ಅಲುಗದ ಕರಿ ಟೊಪ್ಪಿ.
ಅದೇ ಏರು, ಅದೇ ಭಾರ, ಅದೇ ಪೆಟ್ರೋಲು,
ನಸುಕಿನಲ್ಲಿ, ಮಿನಿಬಸ್ಸುಗಳು ಎದ್ದೇಳುವ ಮುಂಚೆ.

ಮೂರೂ ಹಾಕಿಕೊಂಡು: ಹನ್ನೊಂದು ನಿಮಿಷ, ಐವತ್ತೆರಡು ಸೆಕೆಂಡು.
ಮೂರೂ ಬಿಚ್ಚಿಟ್ಟು: ಹನ್ನೊಂದು ನಿಮಿಷ, ನಲವತ್ತು.

‘ಇನ್ನೊಮ್ಮೆ’ ಅಂದೆ.
ಇನ್ನೊಮ್ಮೆಯೂ ಹೆಚ್ಚುಕಡಿಮೆ ಅಷ್ಟೇ.
ಹನ್ನೆರಡು ಸೆಕೆಂಡು ಕಳೆದುಕೊಳ್ಳಲು
ಎಂಬತ್ತೈದು ಕೊಟ್ಟಿದ್ದೆ.
ಚೌಕಾಸಿ ಮಾಡಿ.

ಅವಳು ಪ್ಲಗ್ಗು ಬಿಚ್ಚಿ ತೋರಿಸಿದಳು:
ಸೌದೆ ಒಲೆಯ ಪಾತ್ರೆತಳದ ಹಾಗೆ ಕರ್ರಗೆ.
‘ನಿನ್ನ ಗಾಡಿ ಹುಟ್ಟಿದ್ದು ಕಡಲ ಪಕ್ಕ.
ಅಲ್ಲಿನ ಉಸಿರಿಗೆ ಅಳೆದ ಊಟ
ಇಲ್ಲೂ ಬಡಿಸ್ತಿದ್ದೀಯ, ಅದು ಉಣ್ಣಲಾರದೆ ಮಸಿ ಕಕ್ತಾ ಇದೆ.
ಇದು ಫ್ಯಾನಲ್ಲ, ದಾರಿಗಡ್ಡ ಕೂತ ತಗಡು.
ತಿರುಗೋದೂ ಇಲ್ಲ, ನೋಡು.’

ನೋಡಿದೆ. ರೆಕ್ಕೆಗಳನ್ನು ಬೆಸುಗೆ ಹಾಕಿ ಕೂರಿಸಿದ್ದರು.
ಒಂದು ವಾರ ಕೊಳವೆಯೊಳಗೆ ಗಿರಗಿರ ತಿರುಗಿದ್ದು
ನನ್ನ ತಲೆ.

ನೂರೈದರ ಜೆಟ್ಟು ತೆಗೆದು ತೊಂಬತ್ತೈದರದ್ದು ಹಾಕಿದಳು,
ಗೋಧಿಕಾಳಿನಷ್ಟು ಹಿತ್ತಾಳೆ, ಹನ್ನೆರಡು ಬೊಲಿವಿಯಾನೊ.
ಫಿಲ್ಟರು ಕೊಡವಿದಳು: ಎರಡು ವರ್ಷದ ರಸ್ತೆ ಉದುರಿತು.
ಚೈನಿಗೆ ಎಣ್ಣೆ. ಟೈರಿಗೆ ಗಾಳಿ.
ಹತ್ತು ನಿಮಿಷ, ಇಪ್ಪತ್ತೊಂದು ಸೆಕೆಂಡು.

‘ಅಷ್ಟೇನಾ?’ ಅಂದೆ, ನಾಚಿಕೆಯಿಲ್ಲದೆ.
‘ಅಷ್ಟೇ. ಇನ್ನೂ ಬೇಕಿದ್ರೆ
ಕೆಳಗೆ ಹೋಗಿ ಬದುಕು.’

ನೀಲಿ ಸುರುಳಿ ಈಗ ಅವಳ ನಾಯಿಯ ಕುತ್ತಿಗೆಯಲ್ಲಿದೆ.
ಅಯಸ್ಕಾಂತ ಕೊನೆಗೂ ಕೆಲಸಕ್ಕೆ ಬಂತು:
ಎಣ್ಣೆಯ ತಟ್ಟೆಯಲ್ಲಿ ಮುಳುಗಿದ ನಟ್ಟು ಹೆಕ್ಕುತ್ತದೆ,
ಹೇಳಿದ ಮಾತಿಗೆ ತಪ್ಪದೆ.
ಫ್ಯಾನನ್ನು ಅವಳ ಅಂಗಡಿಯ ಬಾಗಿಲಿಗೆ ನೇತುಹಾಕಿದೆ.
ಈ ಬಯಲಿನ ಗಾಳಿಗೆ ತಗಡಿನ ಛಾವಣಿಗಳೇ ಎದ್ದು ಹೋಗುತ್ತವೆ,
ಅದು ಮಾತ್ರ ಹಟ ಬಿಟ್ಟಿಲ್ಲ.

ಫ್ರೆಡ್ಡಿಗೆ ನಾನಿನ್ನೂ ಹೇಳಿಲ್ಲ.
ಸಿಗ್ನಲ್ಲಿನಲ್ಲಿ ಅವನ ಮುಖ ನೋಡಿದರೆ
ಬಾಯಿ ಬರುವುದಿಲ್ಲ.

ನನ್ನ ಗಾಡಿ ಈಗ ಬೇಗ ಹತ್ತುತ್ತದೆ, ಸದ್ದಿಲ್ಲದೆ.
ಕೊನೆಯ ತಿರುವಿನಲ್ಲಿ, ಯಾರೂ ಇಲ್ಲದಾಗ,
ಹೆಲ್ಮೆಟ್ಟಿನೊಳಗೆ ನಾನೇ ಸಿಳ್ಳೆ ಹಾಕಲು ನೋಡುತ್ತೇನೆ.
ಅರ್ಧಕ್ಕೇ ನಿಂತುಹೋಗುತ್ತದೆ.
ಇಲ್ಲಿ ಗಾಳಿ ಕಡಿಮೆ.